ನೆರೆಮನೆಯಾಕೆಯ ಉದ್ದನೆಯ ಹಾಡು

ಎರಡು ಸಾವಿರದ ದಶಕದ ನಡುವಿನ ಮಾತು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾನಿದ್ದ ಮಗಳ ಮನೆಯ ಗೋಡೆಗೆ ಅಂಟಿಕೊಂಡ ಯುನಿಟ್‌ನಲ್ಲಿ ಕೆನಡಾದ ಒಬ್ಬಾಕೆ ಇದ್ದಳು. ನನ್ನದೇ ವಯಸ್ಸು. ತಾನೇ ಹಾಡು ಕಟ್ಟಿ ಗಿಟಾರ್ ಹಿಡಿದು ಹಾಡುವವಳು. ನಾನು ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಗಂಟೆ ಹೊಡೆದಂತೆ ಬದುಕಿದವಳು. ಆಕೆಗೆ ಹೊತ್ತುಗೊತ್ತಿನ ಪರಿವೆಯಿಲ್ಲ. ಆದರೂ ಹೊಂದಿಕೆಯಾಯಿತು. ಹಗಲಿನಲ್ಲಿ ಆ ಬೀದಿಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ.

ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. "ನಮ್ಮ ಕಡಲೂರಲ್ಲಿ ಗಂಡಸರು ಬಿರುಗಾಳಿಯ ಮೇಲೆ, ಮುಳುಗಿದ ದೋಣಿಯ ಮೇಲೆ ಹಾಡು ಕಟ್ಟುತ್ತಿದ್ದರು. ಹೆಂಗಸರು ಅದನ್ನು ಅಡುಗೆಮನೆಯಲ್ಲಿ ಹಾಡುತ್ತಿದ್ದರು. ನಮ್ಮ ತಲೆಮಾರಿನ ಹುಡುಗಿಯರು ಅಡುಗೆಮನೆಯ ಮೇಲೇ ಹಾಡು ಕಟ್ಟಿದೆವು" ಎಂದಳು ಒಮ್ಮೆ.

"ನಮ್ಮಲ್ಲಿ ಬೀಸುವ ಕಲ್ಲಿನ ಮುಂದೆ ಅದು ಎಂದೋ ಆಗಿದೆ."

"ಹಾಗಾದರೆ ನೀವು ನಮಗಿಂತ ಜಾಣೆಯರು."

"ಜಾಣೆಯರಲ್ಲ, ಬೀಸಿ ಬೀಸಿ ಸುಸ್ತಾದವರು."

ಆ ಚಳಿಗಾಲ ಆಕೆಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಉಸಿರು ಸಾಲುತ್ತಿರಲಿಲ್ಲ. ಮೀನಿಗೆ ಉಪ್ಪು ಹಚ್ಚುವ ತಾಯಿಯ ಮೇಲೆ ಆಕೆ ಕಟ್ಟಿದ ಹಾಡಿಗೆ ಪಲ್ಲವಿಯೇ ಇಲ್ಲದ ಆರು ನುಡಿ. ನಡುವೆ ಉಸಿರಾಡಲು ಜಾಗವೇ ಇಲ್ಲ. ಅದು ಮೂರನೆಯ ನುಡಿಯಲ್ಲಿ ಮುರಿದು ಬೀಳುವುದನ್ನು ನಾನು ಗೋಡೆಯಾಚೆಯಿಂದ ದಿನವೂ ಕೇಳಿದೆ. ಅಷ್ಟರಲ್ಲೇ ಮೆಲ್ಬರ್ನ್‌ನ ಜನಪದ ಸಂಗೀತದ ಕ್ಲಬ್ಬೊಂದರಿಂದ ಕರೆ ಬಂತು: ಕೆನಡಾದ ಹೆಂಗಸರು ತಾವೇ ಕಟ್ಟಿದ ಹಾಡುಗಳಿಗಾಗಿ ಒಂದು ಸಂಜೆ.

"ಪೂರ್ತಿ ಹಾಡಲಾಗದಿದ್ದರೆ ಅದನ್ನು ಇನ್ನು ಬಾಯಿಗೆ ತರುವುದಿಲ್ಲ. ಅರ್ಧ ಅಮ್ಮನನ್ನು ವೇದಿಕೆಯ ಮೇಲೆ ಬಿಟ್ಟು ಬರಲಾರೆ" ಎಂದಳು. ಜೊತೆಗೆ ಬಾ ಎಂದು ಕರೆದಳು.

"ಟ್ರೈನಲ್ಲಾ? ಇಡೀ ದಿನ ಕೂತಿರ್ಬೇಕಮ್ಮ! ಫ್ಲೈಟ್ ಬುಕ್ ಮಾಡ್ತೀನಿ" ಎಂದಳು ಮಗಳು.

"ಆಕೆಯ ಉಸಿರಿಗೆ ವಿಮಾನ ಆಗಲ್ಲ ಕಣೆ."

"ನಿಮ್ ಸೊಂಟ?"

"ಇಲ್ಲಿದ್ರೂ ನೋಯುತ್ತೆ."

"ಆಯ್ತು ವಾರ್ಡನ್ ಮೇಡಂ, ಹೋಗಿ. ಅಲ್ಲಿ ಯಾರಿಗೂ ಡಿಸಿಪ್ಲಿನ್ ಕಲಿಸ್ಬೇಡಿ."

ಮೊಸರನ್ನ, ಆಕೆಯ ಮಾತ್ರೆ, ಎರಡು ಶಾಲು ಕಟ್ಟಿಕೊಂಡು ಹೋದೆ. ದಾರಿಯುದ್ದಕ್ಕೂ ಒಣಹುಲ್ಲು, ಕುರಿಗಳು.

ಹಾಲ್‌ನಲ್ಲಿ ಮಡಚುವ ಕುರ್ಚಿಗಳು, ಮೈಕ್ ಇಲ್ಲ. ಆಕೆಯ ಸರದಿ ಕೊನೆಗೆ. ಎರಡು ನುಡಿ ದಾಟಿದಳು. ಮೂರನೆಯದರ ಮೊದಲ ಸಾಲಿನ ತುದಿಗೆ ಉಸಿರು ಮುಗಿಯಿತು. ಬೆರಳು ತಂತಿಯ ಮೇಲಿತ್ತು, ದನಿ ಬರಲಿಲ್ಲ.

ಹಾಸ್ಟೆಲಿನಲ್ಲಿ ಸಂಜೆಯ ಭಜನೆ ಕಡ್ಡಾಯ. ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ತಿರುಗಿ ಹೇಳಬೇಕು. ಸಾಲು ನಿಂತರೆ ಬಾಯಿ ತಾನಾಗಿ ತೆರೆಯುವಷ್ಟು ವರ್ಷ ಅದನ್ನು ನಡೆಸಿದ್ದೆ. ತೆರೆಯಿತು. ಗೊಗ್ಗರು ದನಿಯಲ್ಲಿ, ಚಪ್ಪಾಳೆ ತಟ್ಟುತ್ತಾ, ಆಕೆಯ ಸಾಲನ್ನು ಒಬ್ಬಳೇ ತಿರುಗಿ ಹೇಳಿದೆ.

ಮುಂದಿನ ಕುರ್ಚಿಯ ಗಡ್ಡದವನು ತಿರುಗಿ "ಶ್!" ಎಂದ. ಅಲ್ಲಿ ಎಲ್ಲರೂ ದನಿಗೂಡಿಸುವುದು ಪಲ್ಲವಿಗೆ ಮಾತ್ರವಂತೆ. ನುಡಿಯ ನಡುವೆ ಬಾಯಿ ಹಾಕುವುದು ಒರಟುತನ. ನನಗೇನು ಗೊತ್ತು?

ಆದರೆ ನಾನು ಹೇಳುವಷ್ಟರಲ್ಲಿ ಆಕೆ ಉಸಿರೆಳೆದುಕೊಂಡಿದ್ದಳು. ಮುಂದಿನ ಸಾಲು ಹಾಡಿ, ನನ್ನ ಕಡೆ ಗದ್ದ ಎತ್ತಿದಳು. ತಿರುಗಿ ಹೇಳಿದೆ. ನಾಲ್ಕನೆಯ ನುಡಿಗೆ ಕೆನಡಾದ ಇನ್ನಿಬ್ಬರು ಗಾಯಕಿಯರು ಸೇರಿಕೊಂಡರು, ಐದನೆಯದಕ್ಕೆ ಇಡೀ ಹಾಲ್. ಗಡ್ಡದವನ ದನಿಯೇ ಎಲ್ಲಕ್ಕಿಂತ ಜೋರು. ಹಾಡು ಕೊನೆ ಮುಟ್ಟಿತು.

ಹೊರಗೆ ಬೆಂಚಿನ ಮೇಲೆ ಆಕೆಗೆ ಶಾಲು ಹೊದಿಸಿ ಕೂರಿಸಿದೆ. ದಿನಕ್ಕಿಷ್ಟು ಉಸಿರಾಟದ ಅಭ್ಯಾಸ, ವಾರಕ್ಕಿಷ್ಟು ಹಾಡು ಎಂದು ಮನಸ್ಸಿನಲ್ಲೇ ವೇಳಾಪಟ್ಟಿ ಹಾಕುತ್ತಿದ್ದೆ.

"ಇನ್ನು ವೇದಿಕೆ ಹತ್ತುವುದಿಲ್ಲ. ಅಮ್ಮ ಪೂರ್ತಿ ಬಂದಳು, ಸಾಕು" ಎಂದಳು.

ವೇಳಾಪಟ್ಟಿಯನ್ನು ಅಲ್ಲೇ ಕೈಬಿಟ್ಟೆ. ಮತ್ತೆ ಆಕೆಯೇ ಅಂದಳು: "ನಿನ್ನ ರಾಗ ಘೋರ. ನಾಳೆ ರೈಲಿನಲ್ಲಿ ಸರಿಯಾಗಿ ಕಲಿಸುತ್ತೇನೆ. ಒಂದೊಂದೇ ಸಾಲಾದರೆ ನನಗೆ ಉಸಿರು ಸಾಕು."

ರೈಲಿನಲ್ಲಿ ನಿದ್ದೆ ಮಾಡಬೇಕೆಂದುಕೊಂಡಿದ್ದೆ. ಆಗಲಿ ಎಂದೆ.