ಯಾವ ಉಪ್ಪು?

ಮನೆ, ಅಡುಗೆ, ಪೂಜೆ ಬಿಟ್ಟರೆ ನಾನು ಮಾಡಿದ ನೌಕರಿ ಒಂದೇ. ಎರಡು ವರ್ಷದ ಹಿಂದೆ ಮಳವಳ್ಳಿಯ ಒಂದು ಪಿಯು ಕಾಲೇಜಿನಲ್ಲಿ, ಪೂರಕ ಪರೀಕ್ಷೆ ಕಟ್ಟಿದ್ದವರಿಗೆ ಆರು ವಾರ ಕೆಮಿಸ್ಟ್ರಿ ಹೇಳಿಕೊಟ್ಟೆ. ಮದ್ದೂರಿನಿಂದ ದಿನಾ ಬಸ್ಸು.

ಅವರಲ್ಲಿ ಸವಿತಾ ಒಬ್ಬಳು. ಈ ಸಲವೂ ಫೇಲಾದರೆ ಓದು ಸಾಕು ಅಂದಿದ್ದರು ಅವಳಪ್ಪ. ಅವಳಿಗೆ ನರ್ಸಿಂಗ್ ಸೇರುವ ಆಸೆ.

ಪರೀಕ್ಷೆಯ ಹಿಂದಿನ ಸಂಜೆ ಬಸ್ಸಿನಲ್ಲಿ ಹೇಗೋ ಸೀಟು ಸಿಕ್ಕಿತು, ದೇವರ ದಯೆ. ಅವಳ ಮಾದರಿ ಪರೀಕ್ಷೆಯ ಉತ್ತರದ ಹಾಳೆ ತೆಗೆದೆ. 0.1 ಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಸಿಲ್ವರ್ ಕ್ಲೋರೈಡ್ ಎಂಬ ಲವಣ ಎಷ್ಟು ಕರಗುತ್ತದೆ ಎಂಬ ಪ್ರಶ್ನೆಗೆ 0.1 ಎಂದು ಬರೆದಿದ್ದಳು. ಪೂರ್ತಿ ತಪ್ಪು. ಫೋನು ಹಚ್ಚಿದೆ, ಚಾರ್ಜು ನಾಲ್ಕೇ ಪರ್ಸೆಂಟು.

"ಯಾವ ಉಪ್ಪು ಕರಗೋದು ಸವಿತಾ?"

"ಅಡುಗೆ ಉಪ್ಪೇ ಮೇಡಂ. ಲವಣ ಅಂದ್ರೆ ಉಪ್ಪು ಕಣಮ್ಮ, ಎದರ್ಬೇಡ ಅಂತ ನೀವೇ ಯೋಳಿದ್ರಲ್ಲ!"

ತಪ್ಪು ನನ್ನದೇ. ಧೈರ್ಯ ತುಂಬಲು ಅಡುಗೆಮನೆ ಮಾತು ಆಡಿದ್ದೆ; ಅವಳು ಲವಣ ಅಂದರೆಲ್ಲ ಸೋಡಿಯಂ ಕ್ಲೋರೈಡೇ ಎಂದುಕೊಂಡಿದ್ದಳು.

ಅಷ್ಟರಲ್ಲಿ ಕಂಡಕ್ಟರು ಕೂಗಿದ, "ಒಳಕ್ಕೆ ಓಗ್ರೀ!"

"ಇನ್ನೆಲ್ಲಿಗ್ಲಾ ಓಗದು, ಡ್ರೈವರ್ ತೊಡೆ ಮ್ಯಾಕಾ?" ಅಂದಳು ಪಕ್ಕದ ಅಜ್ಜಿ.

ನನಗೆ ದಾರಿ ಹೊಳೆಯಿತು. "ನೋಡು, ಆ ದ್ರಾವಣ ಒಂದು ಬಸ್ಸು ಅಂದ್ಕೋ. ಬಸ್ ತುಂಬ ಸೋಡಿಯಂ ಕ್ಲೋರೈಡಿನ ಕ್ಲೋರೈಡ್ ಅಯಾನು ಆಗಲೇ ತುಂಬಿಕೊಂಡಿದೆ. ಸಿಲ್ವರ್ ಕ್ಲೋರೈಡಿಗೆ ಫುಟ್‌ಬೋರ್ಡಿನಲ್ಲಿ ಕಾಲೂರಲು ಎಷ್ಟು ಜಾಗ, ಅದೇ ಉತ್ತರ. ಬೆಳ್ಳಿ ಅಯಾನು, ಕ್ಲೋರೈಡ್ ಅಯಾನು ಎರಡನ್ನೂ ಗುಣಿಸಿದರೆ 1.8 × 10⁻¹⁰ ದಾಟಬಾರದು. ಅದನ್ನ 0.1ರಿಂದ ಭಾಗಿಸು."

"1.8 × 10⁻⁹... ಇಷ್ಟೇ ಇಷ್ಟಾ ಮೇಡಂ? ಬರೀ ನೀರಲ್ಲಿ ಇನ್ನೂ ಜಾಸ್ತಿ..." ಫೋನು ಸತ್ತಿತು.

"ಆಗ್ಲಿಂದ ಉಪ್ಪು ಉಪ್ಪು ಅಂತೀಯಲ್ಲವ್ವ, ಮಗಳು ಸಾರು ಕೆಡಿಸ್ಬುಟ್ಲಾ?"

"ಗೊತ್ತಿಲ್ಲ ಕಣಜ್ಜಿ. ನಾಳೆ ತಿಳೀತದೆ."

ಮರುದಿನ ದೇವರ ಮುಂದೆ ಕೂತರೆ ಬಾಯಿಗೆ ಮಂತ್ರ ಬರಲಿಲ್ಲ. ಕೂತೆ, ಎದ್ದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಅವಳ ಫೋನು ಬಂತು.

"ಮೇಡಂ, ಅದೇ ಥರ ಲೆಕ್ಕ, ಬೇರಿಯಂ ಸಲ್ಫೇಟ್ ಕೊಟ್ಟಿದ್ರು. ಯಾವುಪ್ಪು ಅಂತ ಮೊದ್ಲು ಅಡಿಗೆರೆ ಎಳ್ಕಂಡೆ!"

ಆ ಲೆಕ್ಕಕ್ಕೆ ಮೂರು ಅಂಕ. ಪಾಸಿಗೆ ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು ಬಂದು ಅವಳು ಪಾಸಾದಳು. ಸಿಕ್ಕ ಸೀಟಿಗೆ, ಉಳಿದಿದ್ದ ನಾಲ್ಕು ಪರ್ಸೆಂಟಿಗೆ, ಬಾಯಿಬಡುಕಿ ಅಜ್ಜಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಸುಲಭವಾಗಲಿ ಎಂದು ನಾವು ಆಡುವ ಮಾತು ಕೇಳುವವರ ತಲೆಯಲ್ಲಿ ಏನಾಗಿ ಕೂತಿದೆ ಎಂದು ವಿಚಾರಿಸದೆ ಏಳಬಾರದು; ಆ ಆರು ವಾರದಲ್ಲಿ ನಾನು ಕಲಿತ ಪಾಠ ಅದು. ಈಗ ಮನೆಯಲ್ಲೂ ಯಾರಾದರೂ ಉಪ್ಪು ಕೊಡು ಅಂದರೆ, "ಯಾವುದು?" ಅನ್ನುತ್ತೇನೆ. ನಗುತ್ತಾರೆ, ನಗಲಿ.