ಹುರುಳಿಯ ಪ್ರೋಟೀನು ಮತ್ತು ಹಿತ್ತಲ ಬಾವಿ

ಯುದ್ಧದ ಗಲಾಟೆಯಲ್ಲಿ ಕಾಲೇಜು ಮುಚ್ಚಿದಾಗ ನಾನು ಎಂ.ಎಸ್ಸಿ. ಪ್ರಬಂಧಕ್ಕಾಗಿ ಹುರುಳಿಯ ಪ್ರೋಟೀನನ್ನು ಬೇರ್ಪಡಿಸುತ್ತಿದ್ದೆ. "ಊರಲ್ಲೇ ಮುಂದುವರಿಸು, ಇದಕ್ಕೆ ಯಂತ್ರವೇನೂ ಬೇಡ" ಎಂದ ನನ್ನ ಗುರುಗಳು ಒಂದು ಪುಟ್ಟ ಬಾಟಲಿಯಲ್ಲಿ ಬೆಳ್ಳಿ ಲವಣದ ದ್ರಾವಣ ಕೊಟ್ಟರು. ಅದನ್ನು ಹಿಡಿದು ಮಾಸೂರಿನ ಮನೆಗೆ ಬಂದೆ.

ಹುರುಳಿಯನ್ನು ಬೀಸಿ, ಹಿಟ್ಟನ್ನು ಉಪ್ಪುನೀರಿನಲ್ಲಿ ಕಲಕಿ, ಅಪ್ಪನ ಹಳೆಯ ಧೋತರದಲ್ಲಿ ಸೋಸಿದೆ. ಅದರ ಪ್ರೋಟೀನು ಉಪ್ಪುನೀರಿನಲ್ಲಿ ಕರಗಿರುತ್ತದೆ, ಉಪ್ಪು ಹೋದರೆ ತಳಕ್ಕೆ ಕೂರುತ್ತದೆ. ಉಪ್ಪನ್ನು ಹೊರಬಿಟ್ಟು ಪ್ರೋಟೀನನ್ನು ಒಳಗೇ ಹಿಡಿಯುವ ಪೊರೆಯ ಚೀಲವೊಂದು ಬೇಕಿತ್ತು. ಹಿರೇಕೆರೂರು ಸಂತೆಯಲ್ಲಿ ಮಾಂಸ ಮಾರುವ ಹಿರಿಯರೊಬ್ಬರನ್ನು ಆಡಿನ ಉಚ್ಚೆಚೀಲ ಕೇಳಿದೆ.

"ಇದನ್ನ ಏನ್ ಮಾಡ್ತೀರಿ?"

"ಹುರಳಿ ರಸಾ ತುಂಬ್ತೇನ್ರಿ, ಚಾಚಾ."

ಅವರು ಚೀಲವನ್ನು ತೊಳೆದು, ಗಾಳಿ ಊದಿ, ತೂತಿಲ್ಲವೆಂದು ತೋರಿಸಿ ಕೊಟ್ಟರು.

ರಸ ತುಂಬಿದ ಚೀಲವನ್ನು ಕೊಳಗದ ನೀರಿನಲ್ಲಿ ಇಳಿಬಿಟ್ಟೆ. ಕೆಡದಿರಲೆಂದು ಓಂಕಾಳಿನ ಸತ್ವದ ಹರಳು ಹಾಕಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಬದಲಿಸಿದೆ. ಪ್ರತಿ ಸಲವೂ ಹೊರಗಿನ ನೀರಿಗೆ ಬೆಳ್ಳಿ ಲವಣದ ಒಂದು ಹನಿ ಹಾಕಿ ನೋಡುತ್ತಿದ್ದೆ. ಉಪ್ಪಿದ್ದರೆ ನೀರು ಹಾಲಿನಂತಾಗುತ್ತದೆ. ನಾಲ್ಕು ದಿನವಾದರೂ ಹಾಲಿನಂತೆಯೇ ಆಗುತ್ತಿತ್ತು. ಚೀಲದೊಳಗೆ ಒಂದು ಚೂರೂ ಕೂತಿರಲಿಲ್ಲ.

ಹಾಕಿದ್ದೇ ಒಂದು ಮುಷ್ಟಿ ಉಪ್ಪು. ಇಷ್ಟೊಂದು ಎಲ್ಲಿಂದ ಬರುತ್ತಿದೆ? ಆಡಿನ ಚೀಲದಿಂದಲೇ ಇಳಿಯುತ್ತಿರಬಹುದೇ? ಲೆಕ್ಕ ತಪ್ಪಿತೇ? ಪುಸ್ತಕವೇ ತಪ್ಪೇ? ಊಟ ಸೇರಲಿಲ್ಲ. ಐದನೆಯ ದಿನ ಕೊಳಗ ಹಿಡಿದು ಹಿತ್ತಲಿಗೆ ಹೊರಟವನನ್ನು ಅವ್ವ ತಡೆದಳು.

"ಯಪ್ಪಾ, ದಿನಾ ಆ ಬಾವಿ ನೀರನ್ನ ಹಾಕಾಕತ್ತೀಯೇನು?"

"ಹೌದು. ತಿಳಿ ಐತಲ್ಲ."

"ತಿಳಿ ಇದ್ರೇನಾತು, ಸವಳು ನೀರದು, ಉಪ್ಪುಪ್ಪು. ಅದ್ರಾಗ ಬ್ಯಾಳಿ ಬೇಯಂಗಿಲ್ಲ. ಅಡಿಗಿಗೆ ನಾ ಕೆರಿ ನೀರ ತರ್ತೇನಿ."

ಹಾಸ್ಟೆಲಿನಲ್ಲಿ ಆರು ವರ್ಷ ಕಳೆದ ನನಗೆ ಮನೆಯ ಬಾವಿಯ ರುಚಿಯೇ ಮರೆತಿತ್ತು. ಬಾವಿಯ ನೀರಿಗೇ ಒಂದು ಹನಿ ಹಾಕಿದೆ. ಬೆಳ್ಳಗಾಯಿತು. ಅದನ್ನು ಮೊದಲೇ ಪರೀಕ್ಷಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವ್ವನ ಮುಖ ನೋಡಲಾಗಲಿಲ್ಲ. ಅವಳು ಆಗಲೇ ಕೊಡ ಎತ್ತಿಕೊಂಡು ಮದಗದ ಕೆರೆಯತ್ತ ನಡೆದಿದ್ದಳು.

ಕೆರೆ ನೀರಿಗೆ ಹಾಕಿದ ಎರಡನೆಯ ದಿನ ಚೀಲದ ತಳದಲ್ಲಿ ಬಿಳಿ ಪುಡಿ ಕೂತಿತು. ಕೂಗಿ ಅವ್ವನನ್ನು ಕರೆದೆ. ಆ ಸಂತೋಷ ಒಂದು ದಿನ ಮಾತ್ರ. ಮೇಲಿನ ತಿಳಿಯನ್ನು ಬಸಿದು, ಅದನ್ನೇ ಮತ್ತೆ ಚೀಲದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟಾಗ ಮರುದಿನ ಇನ್ನೊಂದು ಪದರ ಕೂತಿತು, ಮೊದಲಿನದಕ್ಕಿಂತ ನುಣುಪು, ತುಸು ಹಳದಿ. ಇದು ಉಳಿದುಕೊಂಡಿದ್ದ ಅದೇ ಪ್ರೋಟೀನೋ, ಬೇರೆಯದೋ?

ಕಾಲೇಜು ತೆರೆದಾಗ ಎರಡನ್ನೂ ಒಣಗಿಸಿ ಗುರುಗಳ ಮುಂದಿಟ್ಟೆ. ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, "ನನಗೂ ಗೊತ್ತಾಗುತ್ತಿಲ್ಲ. ಕಂಡದ್ದನ್ನು ಕಂಡಂತೆ ಬರಿ" ಎಂದರು. ಹಾಗೆಯೇ ಬರೆದೆ. ಪದವಿ ಸಿಕ್ಕಿತು. ಆ ಎರಡು ಪುಡಿಗಳು ಒಂದೇ ಆಗಿದ್ದವೋ ಬೇರೆಯೋ ಎಂಬುದು ಮಾತ್ರ ನನಗೆ ಈಗಲೂ ತಿಳಿದಿಲ್ಲ.