ಅಕ್ಕನ ಬಲಗಾಲಿನ ಚಪ್ಪಲಿ

ನಮ್ಮ ಭಾವನ ಮುಂದೆ ಚಪ್ಪಲಿ ಬಿಟ್ಟರೆ ಮುಗಿಯಿತು, ನಮ್ಮ ಗುಟ್ಟೆಲ್ಲ ರಟ್ಟಾದ ಹಾಗೆ. ಅವರು ಚಪ್ಪಲಿ ರಿಪೇರಿ ಮಾಡುವವರು. ಮಹಡಿ ಮೆಟ್ಟಿಲಿನ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಂಗಡಿ. ಬಂದವರ ಮುಖ ನೋಡುವುದಿಲ್ಲ. ಚಪ್ಪಲಿ ಮಗುಚಿ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. "ಮೇಷ್ಟ್ರೇ, ಬೋರ್ಡಿನ ತುತ್ತತುದಿಯಿಂದ ಬರೆಯೋಕೆ ಶುರು ಮಾಡ್ತೀರಾ? ಮುಂಗಾಲೆಲ್ಲ ಸವೆದಿದೆ." ಅಂಚೆಯವರಿಗೆ, "ಚೀಲದ ಭುಜ ಬದಲಾಯಿಸಿ, ಎಡ ಹಿಮ್ಮಡಿ ಕರಗಿಹೋಗಿದೆ." ಜನ ಬೆರಗಾಗುತ್ತಿದ್ದರು. ಭಾವನಿಗೆ ಅದರ ಜಂಬವೂ ಇತ್ತು.

ಅಕ್ಕನ ಬಲಗಾಲಿನ ಚಪ್ಪಲಿಯ ತುದಿ ಸವೆದದ್ದು ಆ ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿತ್ತು. ಬೇರೆಯವರದಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಹೆಂಡತಿಯದಲ್ಲವೇ, ಸುಮ್ಮನೆ ಒಂದು ರಬ್ಬರ್ ತೇಪೆ ಅಂಟಿಸಿದರು. ಅದೂ ಸವೆಯಿತು. ಅದರ ಮೇಲೆ ದಪ್ಪದ್ದೊಂದು ಅಂಟಿಸಿದರು. ಆಮೇಲೆ ಚಪ್ಪಲಿ ಕಾಲಿನಿಂದ ಜಾರುತ್ತದೆ ಎಂದಳು ಅಕ್ಕ. ಹಿಮ್ಮಡಿಯ ಸುತ್ತ ಒಂದು ಪಟ್ಟಿ ಹೊಲಿದುಕೊಟ್ಟರು.

"ಕಾಲೆತ್ತಿ ಇಡೇ, ಎಳ್ಕೊಂಡು ಹೋಗ್ಬೇಡ."

"ಹೊಲಿದುಕೊಡೋಕೆ ನೀವಿದ್ದೀರಲ್ಲ, ಬಿಡಿ."

"ಮಹಾರಾಣಿ ನಡಿಗೆ ಭಾವ, ನಿಮಗೇನು ಗೊತ್ತು?" ಎಂದೆ ನಾನು. ಮೂವರೂ ನಕ್ಕೆವು.

ಪಟ್ಟಿ ಎಷ್ಟು ಚೆನ್ನಾಗಿ ಕೂತಿತೆಂದರೆ ಅಕ್ಕನ ನಡಿಗೆಯಲ್ಲಿ ಯಾರಿಗೂ ಯಾವ ಐಬೂ ಕಾಣಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬರಿಗಾಲಲ್ಲಿ, ಅಡುಗೆಮನೆಯ ಹೊಸ್ತಿಲು ಎಡವಿ ಬಿದ್ದಳು. ಪಕ್ಕದ ಮನೆಯಿಂದ ನಾನು ಓಡಿಬರುವಷ್ಟರಲ್ಲಿ ಬಲಗೈಯೂ ಮೇಲೇಳುತ್ತಿರಲಿಲ್ಲ.

ತಲೆಯೊಳಗೆ ಗೆಡ್ಡೆ ಎಂದರು ಆಸ್ಪತ್ರೆಯ ಡಾಕ್ಟರು. "ಕಾಲು ಯಾವಾಗಿಂದ ಎಳೀತಿದ್ರು?"

ಭಾವ ಅಕ್ಕನ ಬಟ್ಟೆಬರೆ ತಂದಿದ್ದ ಚೀಲದಿಂದ ಅವಳ ಚಪ್ಪಲಿ ತೆಗೆದು, ಕೆಲಸದ ಚಾಕುವಿನಿಂದ ಮೇಲಿನ ತೇಪೆ ಎಬ್ಬಿಸಿದರು. "ಇದು ಹಾಕಿ ಐದು ತಿಂಗಳು." ಅದರಡಿಯದನ್ನೂ ಎಬ್ಬಿಸಿದರು. "ಇದಕ್ಕೆ ಏಳು." ಸವೆದ ಬರೀ ಅಟ್ಟೆ ತೋರಿಸಿ, "ಇದು ಅದಕ್ಕೂ ಮುಂಚೆ" ಎಂದರು.

"ಆಗಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

ನನಗೆ ತಡೆಯಲಾಗಲಿಲ್ಲ. "ಕಂಡವರ ಅಟ್ಟೆಯೆಲ್ಲ ಓದ್ತೀರಿ. ನಮ್ಮಕ್ಕಂದು ಮಾತ್ರ ತೇಪೆ ಹಾಕಿ ಮುಚ್ಚಿಬಿಟ್ಟಿರಲ್ಲ ಭಾವ!" ಎಂದೆ. ಅವರು ಚಪ್ಪಲಿಯನ್ನು ಅಕ್ಕನ ಮಂಚದ ಪಕ್ಕದಲ್ಲಿಟ್ಟರು.

ಅಕ್ಕ ಅದನ್ನೇ ನೋಡುತ್ತಿದ್ದಳು. "ಯಾಕ್ರೀ ಕಿತ್ತಿರಿ?" ಎಂದಳು, ನಾಲಿಗೆ ಹೊರಳದೆ. "ಅಂಟಿಸಿಕೊಂಡು ಬನ್ನಿ. ಮನೆಗೆ ಹೋಗ್ಬೇಕಲ್ಲ." ಭಾವ ಅಂಗಡಿಗೆ ಹೋಗಿ ಹೊಸ ತೇಪೆ ಹಾಕಿಕೊಂಡು ಬಂದರು. ಒಂಬತ್ತನೇ ದಿನ ಅಕ್ಕ ಹೋದಳು.

ಈಗ ಭಾವ ಒಂದು ಕಾಲಿನ ಚಪ್ಪಲಿ ಹೆಚ್ಚು ಸವೆದಿದ್ದರೆ ಸೂಜಿ ಎತ್ತುವುದಿಲ್ಲ. "ಮೊದಲು ಡಾಕ್ಟರಿಗೆ ತೋರಿಸಿ" ಎನ್ನುತ್ತಾರೆ. ಅಪಶಕುನ ನುಡಿಯುತ್ತಾನೆಂದು ಗಿರಾಕಿಗಳು ದೂರವಾದರು. ನಾನು ದೂರವಾಗಿ ಎಂಟು ತಿಂಗಳಾಗಿತ್ತು. ಎದುರಾದಾಗಲೆಲ್ಲ ನನ್ನ ಪಾದ ನೋಡುತ್ತಿದ್ದರು, ನಾನು ಬೇಕೆಂದೇ ಬೇರೆ ಬೀದಿ ಹಿಡಿಯುತ್ತಿದ್ದೆ.

ನಿನ್ನೆ ಬೇರೆ ದಾರಿಯಿಲ್ಲದೆ ಹೋಗುತ್ತಿದ್ದಾಗ ಅವರ ಅಂಗಡಿಯ ಮುಂದೆಯೇ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಒಳಗೆ ಮೊಳೆಯಲ್ಲಿ ಅಕ್ಕನ ಚಪ್ಪಲಿ ನೇತಾಡುತ್ತಿತ್ತು. ತೆಗೆದು ಮಗುಚಿದೆ. ಹೊಸ ರಬ್ಬರಿನ ಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಎರಡೂ ಕಾಲಿನ ಚಪ್ಪಲಿ ಬಿಟ್ಟು ಅವರ ಮುಂದಿಟ್ಟೆ.

ಭಾವ ಅವನ್ನು ಮಗುಚಿ, ಹಿಮ್ಮಡಿಯಿಂದ ತುದಿಯವರೆಗೆ ಹೆಬ್ಬೆರಳು ಆಡಿಸಿದರು. ಒಂದು ಸಲ, ಎರಡು ಸಲ, ಮತ್ತೆ ಮೊದಲಿನಿಂದ.

"ಏನಿದೆ ಭಾವ?"

"ಏನೂ ಇಲ್ಲಮ್ಮ. ಎರಡೂ ಸಮನಾಗಿ ಸವೆದಿದೆ" ಎಂದವರು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟರು.